ಬೆಂದು ಬಂದ ಹಿಟ್ಟು

ಸಂತ ಅಂತೋಣಿಯ ಹಬ್ಬದ ಆ ಬೆಳಿಗ್ಗೆ ಮೋಡ ಬೆಟ್ಟದಿಂದಿಳಿದು ಬೌದಿಲಿಯಾಳ ಅಂಗಳದಲ್ಲೇ ಕೂತುಬಿಟ್ಟಿತ್ತು. ಮಳೆ ಬರುತ್ತಿದೆ ಎನ್ನುವ ಹಾಗಿಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಕಾಫಿ ಗಿಡದ ಎಲೆತುದಿಗಳಲ್ಲಿ ಹನಿ ತಾನಾಗಿ ಕೂಡಿ ತಾನಾಗಿ ಉದುರುತ್ತಿತ್ತು. ಕೋಳಿಗಳು ಗೂಡಿನ ಬಾಗಿಲವರೆಗೆ ಬಂದು, ಹೊರಗೆ ಲೋಕ ಇದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡಿ, ಮತ್ತೆ ಒಳಗೆ ಹೋದವು.

ಅಂಗಳದ ನಡುವೆ ಸೊಂಟದೆತ್ತರದ ಮರದ ಒರಳು. ಅದರಲ್ಲಿ ಸುರಿದಿದ್ದ ಬಿಳಿ ಮೆಕ್ಕೆಜೋಳ ಸುರಿದ ಹಾಗೇ ಇತ್ತು.

ಹೋದ ಮಳೆಗಾಲದಲ್ಲಿ ಮಗ ಫ್ರೊಯ್ಲಾನ್ ಜ್ವರದಲ್ಲಿ ಯಾರ ಗುರುತೂ ಹಿಡಿಯದೆ ಮಲಗಿದ್ದಾಗ ಬೌದಿಲಿಯಾ ಸಂತನ ಮುಂದೆ ಮೊಣಕಾಲೂರಿ ಹರಕೆ ಹೊತ್ತಿದ್ದಳು. ಮಗ ಉಳಿದರೆ ಸಂತನ ದಿನ ತನ್ನ ಮನೆಯಲ್ಲಿ ಕುಣಿತ, ಕುಣಿಯಲು ಬಂದವರಿಗೆಲ್ಲ ತನ್ನ ಕೈಯಾರೆ ಕುಟ್ಟಿದ ಜೋಳದ ದಪ್ಪ ರೊಟ್ಟಿ, ಅರೆಪಾ. ಮಗ ಎದ್ದು ಕೂತ. ಆದರೆ ಈಸ್ಟರಿಗೆ ಮುಂಚೆ ತೊರೆಯ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದವಳ ಬಲಭುಜ ಮೊದಲಿನಂತಾಗಲಿಲ್ಲ. ಒನಕೆ ಎದೆಯವರೆಗೆ ಏಳುತ್ತಿತ್ತು, ಅಲ್ಲಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಸೊಸೆ ನಿಕಾಸಿಯಾ ತಾನು ಕುಟ್ಟುತ್ತೇನೆಂದರೆ ಅವಳು ಒಪ್ಪಿರಲಿಲ್ಲ. "ಹರಕೆ ಹೊತ್ತೋಳು ನಾನು, ಕೈ ನಿಂದಾ? ಅದೂ ಈ ಹೊಟ್ಟೆ ಹೊತ್ಕೊಂಡು?" ಎಂದಿದ್ದಳು.

ಕೊನೆಗೆ ನಿಕಾಸಿಯಾ ಕೀಬೋರ್ ಪೇಟೆಯಿಂದ ಎರಡು ಪೊಟ್ಟಣ ಹಿಟ್ಟು ತರಿಸಿದಳು. ಕುಟ್ಟಬೇಕಿಲ್ಲ, ಬೀಸಬೇಕಿಲ್ಲವಂತೆ. ಅಂಥ ಹಿಟ್ಟು ಆ ಬೆಟ್ಟ ಹತ್ತಿದ್ದು ಆ ವರ್ಷವೇ ಮೊದಲು. ಬೌದಿಲಿಯಾ ಪೊಟ್ಟಣವನ್ನು ಮೂಸಿದಳು, ಅಲುಗಿಸಿ ಕಿವಿಗಿಟ್ಟು ಕೇಳಿದಳು. ಸಂತನ ಪಟದ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಆ ಬೆಳಿಗ್ಗೆ ಸೊಸೆ ನೀರಿಗೆ ಹೋದ ಹೊತ್ತಿನಲ್ಲಿ ಬೌದಿಲಿಯಾ ಒಲೆಯ ಮೇಲೆ ದೊಡ್ಡ ಗಡಿಗೆ ಇಟ್ಟಳು. ಕುಟ್ಟುವುದು ತಪ್ಪಿದರೂ ಬೇಯಿಸುವುದು ತಪ್ಪೀತೇ? ಅವಳಮ್ಮ, ಅವಳಮ್ಮನ ಅಮ್ಮ, ಯಾರೂ ಬೇಯಿಸದ ಜೋಳದಿಂದ ಅರೆಪಾ ತಟ್ಟಿದವರಲ್ಲ. ನೀರು ಕುದಿ ಬಂದಾಗ ಶಿಲುಬೆಯ ಗುರುತು ಹಾಕಿ ಒಂದು ಪೊಟ್ಟಣವನ್ನು ಪೂರ್ತಿ ಸುರಿದಳು. ಗಡಿಗೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಕುಳುಕುಳು ಎಂದು ಉಬ್ಬಿ, ಸೌಟು ನಿಂತಲ್ಲೇ ನಿಲ್ಲುವಂಥ ಅಂಬಲಿಯಾಯಿತು.

ನಿಕಾಸಿಯಾ ಕೊಡ ಇಳಿಸಿ ನೋಡಿದಳು. "ಅಯ್ಯೋ ಅತ್ತೆ, ಬೇಯಿಸಿಬಿಟ್ರಾ?"

"ಮತ್ತೆ ಹಸೀದೇ ತಿನ್ನಿಸ್ಲಾ?"

"ಅದು ಬೆಂದೇ ಬಂದಿರೋದು."

"ಬೆಂದಿದ್ದು ಹೀಗೆ ಪುಡಿ ಪುಡಿಯಾಗಿ ಒಣಗಿರುತ್ತಾ?"

ಅಷ್ಟರಲ್ಲಿ ಕೆಳಗಿನ ಮನೆಯ ಎಉಸ್ತೋಕಿಯಾ ಮಂಜಿನೊಳಗಿಂದ ಕಾಣಿಸಿಕೊಂಡಳು. ಅವಳು ಫ್ರೊಯ್ಲಾನನಿಗೆ ಜ್ಞಾನಸ್ನಾನದ ತಾಯಿ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಮದುವೆಯಾಗಿ ಬಂದಾಗಿನಿಂದ, ಇವಳ ಅಂಗಳವೋ ಅವಳ ಅಂಗಳವೋ, ಇಬ್ಬರೂ ಕುಟ್ಟುವುದು ಒಂದೇ ಒರಳಲ್ಲಿ, ಎರಡು ಒನಕೆ. ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು, ಹಾಡಿನ ಒಂದು ಸಾಲು ಇವಳದು, ಇನ್ನೊಂದು ಸಾಲು ಅವಳದು. ಇಬ್ಬರೂ ಒಬ್ಬರ ಏಟನ್ನೊಬ್ಬರು ಕಣ್ಣು ಮುಚ್ಚಿ ಬಲ್ಲರು.

ಎಉಸ್ತೋಕಿಯಾ ಗಡಿಗೆಗೆ ಬಗ್ಗಿದಳು. "ಏನ್ ಕೊಮಾದ್ರೆ, ಗೋಡೆ ಬಳಿಯೋಕಾ?"

"ಬಾಯಿ ಮುಚ್ಕೊಂಡು ಕೂತ್ಕೊ."

"ನನ್ ಬಾಯಿ ಮುಚ್ಚಬಹುದು. ಕುಣಿಯೋಕೆ ಬರೋರ ಬಾಯಿಗೆ ಇದನ್ನ ಹಾಕಿದ್ರೆ ಅದೂ ಅಂಟ್ಕೊಂಡು ಮುಚ್ಚೋಗುತ್ತೆ."

ನಿಕಾಸಿಯಾ ನಗು ತಡೆಯಲಾರದೆ ತೋಳಲ್ಲಿ ಬಾಯಿ ಒರೆಸಿಕೊಂಡು, ಅಂಬಲಿಗೆ ಬೆಲ್ಲ ಹಾಕಿ ಹಬ್ಬಕ್ಕೆ ಬರುವ ಮಕ್ಕಳಿಗೆಂದು ಎತ್ತಿಟ್ಟಳು. ಬೌದಿಲಿಯಾ ನಗಲಿಲ್ಲ. ಒಲೆಯ ಮುಂದೆ ಕುಸಿದು ಕೂತಳು.

"ಸಂತನಿಗೆ ಏನು ಹೇಳ್ಲಿ ಕೊಮಾದ್ರೆ? ಮಗನ್ನ ಇಸ್ಕೊಂಡೆ. ಕೊಡೋ ಹೊತ್ತಿಗೆ ಪೇಟೆ ಹಿಟ್ಟು ತೋರಿಸ್ತಿದೀನಿ."

"ಗಂಡ ಸಿಗ್ಲಿ ಅಂತ ಹುಡುಗೀರು ಆ ಸಂತನ್ನ ತಲೆಕೆಳಗಾಗಿ ನಿಲ್ಲಿಸ್ತಾರೆ. ಅದನ್ನೇ ತಡ್ಕೊಂಡಿರೋನು ಹಿಟ್ಟಿಗೆ ಸಿಟ್ಟಾಗ್ತಾನಾ?"

"ಅವನು ಸಿಟ್ಟಾಗ್ತಾನೋ ಬಿಡ್ತಾನೋ. ಮಾತು ಕೊಟ್ಟೋಳು ನಾನು."

ಎಉಸ್ತೋಕಿಯಾ ಅವಳ ಭುಜವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಳಕ್ಕಿಳಿದು, ಒರಳಿನಿಂದ ಒಂದಿಷ್ಟು ಜೋಳವನ್ನು ಮಡಿಲಿಗೆ ತುಂಬಿಕೊಂಡು, ಇಳಿಜಾರಿನಲ್ಲಿ ಕರಗಿಹೋದಳು. ಪೇಟೆ ಹಿಟ್ಟು ಮುಟ್ಟಲು ಅವಳಿಗೂ ಮನಸ್ಸಿಲ್ಲ, ತನ್ನ ಮನೆಯ ಅರೆಪಾ ತಾನೇ ಮಾಡಿಕೊಳ್ಳುತ್ತಾಳೆ ಎಂದುಕೊಂಡು ಬೌದಿಲಿಯಾ ಒರಳಿನ ಕಡೆಯಿಂದ ಮುಖ ತಿರುಗಿಸಿದಳು.

ಉಳಿದದ್ದು ಒಂದೇ ಪೊಟ್ಟಣ. ನಿಕಾಸಿಯಾ ಅಗಲ ಬಾಯಿಯ ಮರದ ಮರಿಗೆ ತಂದಿಟ್ಟು ತಣ್ಣೀರು ಸುರಿದಳು, ಉಪ್ಪು ಕದಡಿದಳು. "ಅತ್ತೆ, ಕೈ ನಿಮ್ದೇ ಇರ್ಲಿ. ನಾನು ಹಿಟ್ಟು ಉದುರಿಸ್ತೀನಿ, ನೀವು ಬೆರಳಾಡಿಸಿ."

ಹಿಟ್ಟು ಮಂಜಿನಂತೆಯೇ ಇಳಿಯಿತು. ಬೌದಿಲಿಯಾ ಬೆರಳಾಡಿಸಿದಳು. ನೀರು ನೀರಾಗಿಯೇ ಇತ್ತು, ಹಾಲಿನ ಬಣ್ಣ ಬಂದಿತ್ತು ಅಷ್ಟೆ.

"ಇದೂ ಕೆಟ್ಟಿತು."

"ಬಿಡಿ ಅತ್ತೆ. ಕೈ ತೆಗೆದು ಸುಮ್ನೆ ಕೂತ್ಕೊಳ್ಳಿ. ಅದರ ಪಾಡಿಗೆ ಅದನ್ನ ಬಿಡ್ಬೇಕು."

ಸುಮ್ಮನೆ ಕೂರುವುದು ಅವಳ ಜೀವಮಾನದಲ್ಲಿ ಅಡಿಗೆಯ ಪಾಠವಾಗಿರಲಿಲ್ಲ. ಆದರೂ ಕೈ ಮಡಿಲಲ್ಲಿಟ್ಟು ಕೂತಳು. ಪ್ರಾರ್ಥನೆಯ ಮಾತು ನಾಲಗೆಗೆ ಬರಲಿಲ್ಲ, ಬರೀ ನೋಡುತ್ತಿದ್ದಳು. ಅಂಚಿನ ನೀರು ಮೆಲ್ಲಗೆ ಒಳಸರಿಯಿತು. ನಡುವೆ ಹೊಳೆಯುತ್ತಿದ್ದ ತೇವ ಮಂಕಾಯಿತು. ಬಾಯಾರಿದ ನೆಲ ಮೊದಲ ಹನಿಗಳನ್ನು ಸದ್ದಿಲ್ಲದೆ ಕುಡಿಯುವಂತೆ ಆ ಪುಡಿ ನೀರನ್ನೆಲ್ಲ ಕುಡಿದು, ತುಂಬಿ, ಮೈತಳೆಯಿತು. ಯಾರೂ ಮುಟ್ಟಿರಲಿಲ್ಲ. ಬೆಂಕಿಯೂ ಇರಲಿಲ್ಲ.

ಬೌದಿಲಿಯಾ ಅಂಗೈಯಿಟ್ಟು ಒತ್ತಿದಳು. ಮೃದುವಾಗಿತ್ತು, ಬಿರುಕಿಲ್ಲ. ಮಗುವಿನ ಕೆನ್ನೆಯಂತೆ ಒತ್ತಿದಲ್ಲಿ ತಗ್ಗಿ ಮೇಲೆದ್ದಿತು. ಅವಳ ತಾಯಿ ಕತ್ತಲಿರುವಾಗಲೇ ಎದ್ದು ಕುಟ್ಟಿ, ಕೇರಿ, ಬೇಯಿಸಿ, ಬೀಸಿ, ಬಿಸಿಲೇರುವ ಹೊತ್ತಿಗೆ ಮುಟ್ಟುತ್ತಿದ್ದ ಹದ ಇದು. ಅದೇ ಹದ ಈಗ ಅವಳ ಸೋತ ಕೈಯನ್ನು ತಾನಾಗಿ ಹುಡುಕಿಕೊಂಡು ಬಂದಿತ್ತು. ಒಮ್ಮೆ ಬೆಂದದ್ದನ್ನು ಜೋಳ ಮರೆತಿರಲಿಲ್ಲ. ಪುಡಿಯಾಗಿ, ಒಣಗಿ, ಕಾಗದದೊಳಗೆ ಕತ್ತಲಲ್ಲಿ ಕೂತು, ದಾರಿಯುದ್ದಕ್ಕೂ ಕುಲುಕಿಸಿಕೊಂಡು ಬಂದರೂ, ನೀರು ಸೋಕಿದೊಡನೆ ನೆನಪಿಸಿಕೊಂಡಿತ್ತು. ಸತ್ತದ್ದು ಏಳುವ ಮಾತನ್ನು ಅವಳು ಭಾನುವಾರದ ಪೂಜೆಯಲ್ಲಿ ಬಾಯಿಪಾಠ ಹೇಳುತ್ತ ಬಂದವಳು. ಮರಿಗೆಯೊಳಗೆ ಕಂಡಿರಲಿಲ್ಲ.

"ಯಾರ್ ಕುಟ್ಟಿದ್ರೇ ಇದನ್ನ?" ಎಂದು ಪಿಸುಗುಟ್ಟಿದಳು.

"ಮಷೀನು, ಅತ್ತೆ."

"ಮಷೀನಿಗೆ ಭುಜ ನೋಯಲ್ವಾ?"

"ಇಲ್ಲ ಅತ್ತೆ."

ಬೌದಿಲಿಯಾ ಹಿಟ್ಟು ಮೆತ್ತಿದ ತನ್ನ ಅಂಗೈ ನೋಡಿಕೊಂಡಳು. "ನಮ್ಮಮ್ಮನ ಅಂಗೈ ನೀನು ನೋಡಿಲ್ಲ," ಎಂದಳು. "ಒನಕೆ ಹಿಡಿದ ಜಾಗ ಜಡ್ಡುಗಟ್ಟಿ ಹೋಗಿತ್ತು. ನಮ್ಮನ್ನ ಮುದ್ದು ಮಾಡ್ಬೇಕಾದ್ರೆ ಕೈ ಮಗುಚಿ ಹಿಂಗೈಯಲ್ಲಿ ಸವರೋಳು. ನಿನ್ನ ಹೊಟ್ಟೇಲಿರೋದನ್ನ ನೀನು ಅಂಗೈಯಲ್ಲೇ ಸವರ್ತೀಯ ಬಿಡು."

ಅವಳು ಉಂಡೆ ಕಟ್ಟತೊಡಗಿದಳು. ಎರಡೂ ಅಂಗೈಗಳ ನಡುವೆ ತಟ್ಟಿ ತಿರುಗಿಸಿದ ಬಿಳಿ ಬಿಲ್ಲೆಗಳು ಮಣ್ಣಿನ ಹೆಂಚಿನ ಮೇಲೆ ಸಾಲಾಗಿ ಕೂತವು. ಬೆಂದ ಅರೆಪಾವನ್ನು ಎತ್ತಿ ಬೆರಳಿಂದ ಬಡಿದರೆ ಪುಟ್ಟ ಡೋಲಿನಂತೆ ಟೊಳ್ಳು ಸದ್ದು ಬರುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಅವಳು ಮೊದಲ ಸಲ ಕೇಳಿದವಳಂತೆ ತಲೆದೂಗಿದಳು. ಒಂದು ಪೊಟ್ಟಣದ್ದು ಸಾಲದೆಂಬ ಭಯವಿತ್ತು. ಸಣ್ಣಸಣ್ಣದಾಗಿ ತಟ್ಟಿದರೆ ಎಲ್ಲರ ಕೈಗೂ ಒಂದೊಂದು ಬರುವಂತಿತ್ತು.

ಕೆಳಗಿನ ಮನೆಯಿಂದ ಒನಕೆಯ ಸದ್ದು ಬರತೊಡಗಿದ್ದು ಆಗಲೇ. ಒಂದು ಏಟು, ಆಮೇಲೆ ಒಂದು ಖಾಲಿ, ಮತ್ತೆ ಒಂದು ಏಟು. ಆ ಖಾಲಿ ತನ್ನ ಜಾಗವೆಂದು ಬೌದಿಲಿಯಾಳಿಗೆ ಗೊತ್ತಿತ್ತು. ಅವಳು ತಟ್ಟುತ್ತ ಹೋದಳು, ಕಣ್ಣಲ್ಲಿ ನೀರು ಬಂದರೆ ಹೊಗೆ ಎಂದಳು.

ಮಧ್ಯಾಹ್ನದ ಹೊತ್ತಿಗೆ ಮೋಡ ಹರಿಯಿತು. ಫ್ರೊಯ್ಲಾನ್ ತಂತಿವಾದ್ಯದವರನ್ನೂ ಡೋಲಿನವರನ್ನೂ ಕರೆತಂದ. ಸಂತನ ಪ್ರತಿಮೆಯನ್ನು ಹೂವಿನ ಕಮಾನಿನ ಕೆಳಗೆ ಕೂರಿಸಿದರು. ಕೋಲು ಹಿಡಿದ ಇಬ್ಬರು ಗಂಡಸರು ಸಂತನಿಗೆ ತಲೆಬಾಗಿ ಕುಣಿತದ ಕಾಳಗಕ್ಕೆ ನಿಂತರು. ಒಳಗೆ ಚೀಸು ತುಂಬಿದ ಅರೆಪಾ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ಮುದುಕ ಅಗಿಯುವುದನ್ನು ನಿಲ್ಲಿಸಿ, "ಬೌದಿಲಿಯಾ, ಭುಜ ವಾಸಿಯಾಯ್ತಾ?" ಎಂದ.

"ಇಲ್ಲ ತಾತ. ಇದು ಬೆಂದು ಬಂದ ಹಿಟ್ಟು, ನಾನು ಕುಟ್ಟಿದ್ದಲ್ಲ." ಅವಳು ಎಲ್ಲರಿಗೂ ಕೇಳುವ ಹಾಗೇ ಹೇಳಿದಳು.

ಮುದುಕ ಅರೆಪಾವನ್ನು ತಿರುಗಿಸಿ ನೋಡಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಮಿಕ್ಕದ್ದನ್ನು ನಿಧಾನವಾಗಿ ತಿಂದ.

ಆಗ ಎಉಸ್ತೋಕಿಯಾ ಬಂದಳು. ಕೂದಲಿಗೆಲ್ಲ ಹೊಟ್ಟು, ಮೈ ಬೆವರು. ಬೌದಿಲಿಯಾಳನ್ನು ಒಲೆಯ ಹಿಂದಕ್ಕೆ ಕರೆದು ಬಾಳೆಲೆಯ ಒಂದು ಪೊಟ್ಟಣವನ್ನು ಕೈಗಿಟ್ಟಳು. ಒಳಗೆ ಕುಟ್ಟಿ, ಬೇಯಿಸಿ, ಬೀಸಿದ ಜೋಳದ ಹಿಟ್ಟು, ಒಂದು ಮುಷ್ಟಿ.

"ಇದು ನಿನ್ನ ಏಟು," ಎಂದಳು. "ನನ್ನ ಗಂಡ ತೀರ್ಕೊಂಡಾಗ ಒಂಬತ್ತು ದಿನದ ಪ್ರಾರ್ಥನೆಗೆ ಬಂದೋರಿಗೆಲ್ಲ ನೀನೊಬ್ಳೇ ಕುಟ್ಟಿ ಹಾಕ್ದೆ. ನನ್ನ ಒನಕೆ ಗೋಡೆಗೆ ಒರಗಿತ್ತು. ಆ ಕೈ ನನ್ನ ಹತ್ರಾನೇ ಉಳ್ಕೊಂಡಿತ್ತು. ಇವತ್ತು ಆ ನಿನ್ ಕೈಯಲ್ಲೇ ಕುಟ್ಟಿದೆ."

ಆ ಬೆಟ್ಟದ ಮೇಲೆ ಕೆಲಸಕ್ಕೆ ಕೊಟ್ಟ ಕೈಯನ್ನು ಕೈಯಾಗಿಯೇ ಹಿಂದಿರುಗಿಸಬೇಕು. ಬೇರೆ ಯಾವುದರಿಂದಲೂ ಅದು ತೀರುವುದಿಲ್ಲ. ಬೌದಿಲಿಯಾ ಪೊಟ್ಟಣವನ್ನು ತೂಗಿದಳು. ಅದರ ಭಾರ ಅವಳಿಗೆ ಗೊತ್ತಿದ್ದ ಭಾರವಾಗಿತ್ತು.

ಅವಳು ಒಂದೇ ಒಂದು ಅರೆಪಾ ತಟ್ಟಿದಳು. ಬೆಂದ ಮೇಲೆ ಬೆರಳಿಂದ ಬಡಿದು ನೋಡಿದಳು. ಆಮೇಲೆ ಅದನ್ನು ಬಿಸಿಯಿದ್ದಂತೆಯೇ ಎರಡೂ ಅಂಗೈಯಲ್ಲಿ ಹಿಡಿದು, ಕುಣಿಯುವವರ ನಡುವೆ ದಾರಿ ಮಾಡಿಕೊಂಡು ಹೋಗಿ, ಸಂತನ ಪಾದದ ಬಳಿ ಇಟ್ಟಳು.