ಇದ್ದಿಲು ಕಾರಿನ ವೇಗ

ಭದ್ರಾವತಿಯ ಮರದ ಗುತ್ತಿಗೆದಾರ ಚಂದ್ರಶೇಖರಪ್ಪನವರ ಲಾರಿ ಏರಿನ ತಿರುವೊಂದರಲ್ಲಿ ತನ್ನ ಬದಿಯನ್ನು ಬಿಟ್ಟು ಬಂದು ನಮ್ಮ ಕಾರಿಗೆ ಗುದ್ದಿದ್ದು ೧೯೪೩ರ ಫೆಬ್ರವರಿಯಲ್ಲಿ. ಕಾರು ನನ್ನ ಸೋದರತ್ತೆ ಸತ್ಯಭಾಮಾ ಅವರದು; ನಡೆಸುತ್ತಿದ್ದವನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನಾನು. ನಾವಿಬ್ಬರೂ ಉಳಿದೆವು, ಕಾರು ಉಳಿಯಲಿಲ್ಲ. ಅತ್ತೆ ಶಿವಮೊಗ್ಗದಲ್ಲಿ ಹೆರಿಗೆಯ ನರ್ಸು. ಅನಂತರದ ಹತ್ತು ದಿನಗಳಲ್ಲಿ ಅವರು ಎತ್ತಿನ ಗಾಡಿಯಲ್ಲಿ ಎರಡು ಹೆರಿಗೆಗಳಿಗೆ ಹೋದರು. ಎರಡನೆಯದಕ್ಕೆ ತಲುಪುವಷ್ಟರಲ್ಲಿ ಮಗು ತೀರಿಕೊಂಡಿತ್ತು.

ಮರುದಿನವೇ ಅತ್ತೆ ಹೆರಿಗೆಯ ಚೀಲ ಹಿಡಿದು, ನನ್ನನ್ನೂ ಕರೆದುಕೊಂಡು ಭದ್ರಾವತಿಗೆ ಬಂದು ಪರಿಹಾರ ಕೇಳಿದರು. ಚಂದ್ರಶೇಖರಪ್ಪನವರು ಒಂದು ಕಾಗದವನ್ನು ಮುಂದೆ ತಳ್ಳಿದರು. ನಮ್ಮ ಕಾರು ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಬಂದು ಲಾರಿಗೆ ಬಡಿಯಿತು, ಆದ್ದರಿಂದ ತಪ್ಪು ನಮ್ಮದು ಎಂದು ಅದರಲ್ಲಿತ್ತು. ಲಾರಿ ಡ್ರೈವರ್ ಕಲ್ಲಪ್ಪ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದ.

"ರುಜು ಹಾಕಿ, ಅಮ್ಮ. ಧರ್ಮ ಅಂತ ಐವತ್ತು ರೂಪಾಯಿ ಕೊಡ್ತೀನಿ."

"ಧರ್ಮ ನೀವೇ ಇಟ್ಕೊಳ್ಳಿ. ನಲವತ್ತು ಮೈಲಿ ಅಂದ್ರಾ?"

ಯುದ್ಧದಿಂದಾಗಿ ಪೆಟ್ರೋಲಿಗೆ ಅಭಾವವಿತ್ತು. ಹಾಗಾಗಿ ನಮ್ಮ ಕಾರಿನ ಹಿಂದೆ, ಇದ್ದಿಲು ಉರಿಸಿ ಆ ಗ್ಯಾಸಿನಿಂದಲೇ ಎಂಜಿನ್ ಓಡಿಸುವ ಡ್ರಮ್ಮನ್ನು ಕಟ್ಟಿಸಿದ್ದೆವು. ಅದೇ ಮಾದರಿಯ ಕಾರು, ಅಂಥದೇ ಡ್ರಮ್ಮಿನೊಂದಿಗೆ, ಗುತ್ತಿಗೆದಾರರ ಅಂಗಳದಲ್ಲಿಯೂ ನಿಂತಿತ್ತು. ಅತ್ತೆ ಅದರತ್ತ ಕೈ ತೋರಿಸಿದರು.

"ನಿಮ್ಮದು ನಲವತ್ತು ಓಡಲಿ, ರುಜು ಹಾಕ್ತೀನಿ. ಓಡದಿದ್ರೆ ನನ್ನ ಕಾರಿನ ಬೆಲೆ ಬರೋವರೆಗೂ ಈ ಕಾರು ನನ್ನ ಹೆರಿಗೆಗಳಿಗೆ ಓಡಬೇಕು."

ಜಗಲಿಯ ಮೇಲೆ ಕುಳಿತಿದ್ದ ಇಬ್ಬರು ವರ್ತಕರು ನಕ್ಕರು. ಅವರೆದುರು ಹಿಂಜರಿಯುವುದು ಚಂದ್ರಶೇಖರಪ್ಪನವರಿಗೆ ಸಾಧ್ಯವಾಗಲಿಲ್ಲ.

"ಆಗಲಿ. ಬಿ.ಎಸ್ಸಿ. ಸ್ವಾಮಿಗಳು ಗಡಿಯಾರ ಹಿಡೀಲಿ. ಓದಿದ್ದಕ್ಕೆ ಒಂದು ಕೆಲಸ ಆಯ್ತು."

ಇದ್ದಿಲು ಹೊತ್ತಿ ಗ್ಯಾಸು ಬರಲು ಇಪ್ಪತ್ತು ನಿಮಿಷಗಳಾದವು. ಅಷ್ಟರಲ್ಲಿ ಅತ್ತೆ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟು ಪಕ್ಕದಲ್ಲಿ ಕುಳಿತಿದ್ದರು. ಕಲ್ಲಪ್ಪ ಚಕ್ರ ಹಿಡಿದ. ಪಕ್ಕದಲ್ಲಿ ಅವನ ಧಣಿ, ಹಿಂದೆ ಅತ್ತೆಯ ಜೊತೆ ಗಡಿಯಾರ ಹಿಡಿದ ನಾನು. ಅಪಘಾತವಾದದ್ದು ನಾವು ಏರು ಹತ್ತುವಾಗ, ಆದರೂ ಅವರ ಕಾರಿಗೆ ಅನುಕೂಲವಾಗಲೆಂದು ನಾನು ಸಮತಟ್ಟಾದ ರಸ್ತೆಯನ್ನೇ ಆರಿಸಿದೆ. ನಲವತ್ತರ ವೇಗವಿದ್ದರೆ ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ತೊಂಬತ್ತು ಸೆಕೆಂಡು ಸಾಕು.

ತೊಂಬತ್ತು ಸೆಕೆಂಡು ಕಳೆದಾಗ ಮುಂದಿನ ಕಲ್ಲು ಇನ್ನೂ ಕಾಣುತ್ತಿರಲಿಲ್ಲ.

"ಒತ್ತೋ ಕಲ್ಲಪ್ಪ."

"ಒತ್ತಿದೀನಿ ಧಣೀ."

"ಇನ್ನೂ ಜೋರಾಗಿ."

"ಇದ್ದಿಲ ಗಾಡಿ ಧಣೀ. ಇದಕ್ಕಿಂತ ಜೋರು ಎಲ್ಲಿ ಓಡುತ್ತೆ? ದಿನಾ ಕೂತ್ಕೋತೀರಿ, ನಿಮಗೇ ಗೊತ್ತಲ್ಲ."

ಹೇಳಿದ ಮೇಲೆ ಕಲ್ಲಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಮುಂದಿನ ಕಲ್ಲು ತಲುಪಿ ಕಾರು ನಿಂತಿತು: ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಗಂಟೆಗೆ ಇಪ್ಪತ್ತೈದು ಮೈಲಿ. ನಾನು ಅದನ್ನು ಅತ್ತೆ ರುಜು ಹಾಕಬೇಕಿದ್ದ ಅದೇ ಕಾಗದದ ಬೆನ್ನಿಗೆ ಬರೆದು, ಗಂಟೆ ಮತ್ತು ತಾರೀಖು ಹಾಕಿ ಗುತ್ತಿಗೆದಾರರಿಗೆ ಕೊಟ್ಟೆ. ಅವರು ಓದಿ ಮಡಿಸಿದರು.

"ಸರಿ, ಐನೂರು ಕೊಡ್ತೀನಿ. ಇಳೀರಿ, ಅಮ್ಮ."

"ನನ್ನ ಕಾರಿಗೆ ಬಿದ್ದದ್ದು ಹದಿನೆಂಟು ನೂರು. ಅದು ಬಂದ ದಿನ ಇಳೀತೀನಿ. ಪೊಲೀಸರ ಹತ್ರ ಹೋಗೋದಾದ್ರೆ ಹೋಗಿ. ಆ ಕಾಗದಾನೂ ತಗೊಂಡು ಹೋಗಿ, ಎರಡೂ ಕಡೆ ಓದ್ಲಿ."

ಚಂದ್ರಶೇಖರಪ್ಪನವರು ಕಾಗದವನ್ನು ಜೇಬಿಗಿಟ್ಟರು. ಬಾಗಿಲು ತೆರೆದು ಮೈಲಿಗಲ್ಲಿನ ಬಳಿ ಇಳಿದರು.

"ಜನ್ನಾಪುರಕ್ಕೆ ಹೊಡಿಯಪ್ಪ," ಎಂದರು ಅತ್ತೆ. "ಉಚ್ಚಂಗಮ್ಮನಿಗೆ ದಿನ ತುಂಬಿದೆ."

ಕಲ್ಲಪ್ಪ ಒಮ್ಮೆ ಧಣಿಯ ಕಡೆಗೆ ನೋಡಿದ. ಅವರು ಬೇಡವೆನ್ನಲಿಲ್ಲ.

"ಎಷ್ಟು ಜೋರು ಹೋಗ್ಲಿ, ಅಮ್ಮ?"

"ಇಪ್ಪತ್ತೈದು ಸಾಕು."