ಹಾಲಿನಪುಡಿ ಡಬ್ಬಿಯ ಶುಕ್ರವಾರಗಳು

ಗೋಪಾಲಕೃಷ್ಣ ಸ್ಟೂಲು ಹತ್ತಿ ಬೀರುವಿನ ಮೇಲಿದ್ದ ಹಾಲಿನಪುಡಿ ಡಬ್ಬಿಯನ್ನು ಎಳೆದಾಗ ಒಳಗಿದ್ದ ಕ್ಯಾಸೆಟ್ಟುಗಳು ಲೊಟಲೊಟ ಸದ್ದು ಮಾಡಿದವು. ಹೊರಗೆ ಹಾಲ್‌ನಲ್ಲಿ ಅವನ ಅಣ್ಣ ಬಾಲಸುಬ್ರಹ್ಮಣ್ಯನ ಹೆಣವಿತ್ತು. ಅದನ್ನು ಏರ್‌ಪೋರ್ಟಿಗೆ ಒಯ್ಯಲು ಆಸ್ಪತ್ರೆಯ ವ್ಯಾನು ಕೆಳಗೆ ಕಾಯುತ್ತಿತ್ತು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?" ಲಲಿತಮ್ಮ ಬೆಡ್‌ರೂಮಿನ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ಕೆಳಗಡೆ ಕಸದ ಡ್ರಮ್ಮಿಗೆ. ಅತ್ತಿಗೆ, ದಾರಿ ಬಿಡಿ. ಆ ಜನದ ಜೊತೆ ಕೂತು ಅಣ್ಣ ಇದರಲ್ಲಿ ಏನೇನು ಮಾತಾಡಿದಾನೋ ಯಾರಿಗೆ ಗೊತ್ತು? ನಾನು ನಿಮ್ಮವನಾದೆ ಅಂತ ಒಂದು ಮಾತು ಆಡಿದ್ರೂ ಸಾಕು, ನಾಳೆ ಮೈಸೂರಲ್ಲಿ ಕರ್ಮ ಮಾಡಿಸೋಕೆ ಒಬ್ಬ ಪುರೋಹಿತರು ಬರಲ್ಲ."

ಗೋಪಾಲಕೃಷ್ಣ ಕೆಟ್ಟವನಲ್ಲ. ಮಸ್ಕತ್ತಿನ ಹೊರವಲಯದ ರುಸೈಲ್‌ನ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಗಾಬರಿಯಾದಾಗ ಕೈಗೆ ಸಿಕ್ಕಿದ್ದನ್ನು ಬಿಸಾಡಬೇಕು ಅನ್ನಿಸುವ ಸ್ವಭಾವ, ಅಷ್ಟೇ. ಅಣ್ಣ ಆಫೀಸಿನ ಡ್ರಾಯಿಂಗ್ ಬೋರ್ಡಿನ ಮೇಲೆ ಕುಸಿದ ಸುದ್ದಿ ಬಂದಾಗಿನಿಂದ ಅವನು ಕಣ್ಣಿಗೆ ಒಂದು ಹನಿ ನೀರು ತಂದಿರಲಿಲ್ಲ. ತರಲು ಪುರುಸೊತ್ತೇ ಕೊಟ್ಟುಕೊಂಡಿರಲಿಲ್ಲ.

ಲಲಿತಮ್ಮ ದಾರಿ ಬಿಡಲಿಲ್ಲ. ಆದರೆ ಡಬ್ಬಿಯನ್ನು ಕಸಿದುಕೊಳ್ಳಲೂ ಇಲ್ಲ. ಬಿಸಾಡಿಬಿಟ್ಟರೆ ಒಳ್ಳೆಯದೇ ಎಂದು ಅವಳ ಅರ್ಧ ಮನಸ್ಸು ಹೇಳುತ್ತಿತ್ತು.

ಅದಕ್ಕೆ ಕಾರಣ ಹಾಲ್‌ನಲ್ಲಿ ಕೂತಿದ್ದ ಡೇನಿಯಲ್ ಲಾಲ್. ಮಧ್ಯಪ್ರದೇಶದ ಇಟಾರ್ಸಿಯ ಕಡೆಯವನು, ತಾತನ ಕಾಲದಿಂದಲೂ ಕ್ವೇಕರರೆಂಬ ಕ್ರೈಸ್ತ ಪಂಗಡದವರು. ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಬಂದವನೇ ಕೈಮುಗಿದು ಹಿಂದಿಯಲ್ಲಿ ಹೇಳಿದ್ದ: "ದೀದೀ, ಬಾಲು ಭಾಯಿ ನಮ್ಮ ಸಭೆಯಲ್ಲಿ ಇಷ್ಟು ವರ್ಷ ಕೂತರು, ಮಾತಾಡಿದ್ದು ಒಂದೇ ಸಲ. ಅದೂ ನಿಮ್ಮ ಭಾಷೆಯಲ್ಲಿ. ಅದು ಟೇಪಿನಲ್ಲಿದೆ. ಇವತ್ತು ಅವರ ಹತ್ತಿರ ಕೂತು ಅದನ್ನು ಕೇಳಬೇಕು ಅಂತ ನಮ್ಮ ಆಸೆ. ಅರ್ಥ ನೀವು ಹೇಳಿದರೆ ಅದನ್ನೂ ಸೇರಿಸಿ ಊರಿಗೆ ಒಯ್ಯುತ್ತೇನೆ. ಮಸ್ಕತ್ತಿನಲ್ಲೂ ನಮ್ಮವರು ಹೀಗೆ ಕೂತಿದ್ದರು ಅಂತ ನಮ್ಮ ಮಕ್ಕಳಿಗೆ ಗೊತ್ತಾಗಬೇಕಲ್ಲ."

ಒಂದೇ ಸಲ ಆಡಿದ ಮಾತು ಏನಿರಬಹುದು ಎಂಬುದರಲ್ಲಿ ಲಲಿತಮ್ಮನಿಗೆ ಸಂಶಯವಿರಲಿಲ್ಲ. ಸತ್ತ ಮಗುವಿನ ಮಾತು. ಹೆಂಡತಿಯ ಹತ್ತಿರ ಒಂದು ದಿನವೂ ಎತ್ತದ ಮಾತನ್ನು ಗಂಡ ಪರದೇಶಿಗಳ ಮುಂದೆ ಎತ್ತಿದ್ದ. ಈಗ ಅದನ್ನು ಹತ್ತು ಜನರೆದುರು ಕೇಳಬೇಕು. ಮೇಲೆ ಅರ್ಥ ಬೇರೆ ಹೇಳಬೇಕು.

*

ಎಂಬತ್ತಮೂರರಲ್ಲಿ ಅವರಿಗೆ ಹುಟ್ಟಿದ ಗಂಡುಮಗು ಒಂದು ಹಗಲು ಕೂಡ ಪೂರ್ತಿ ಬದುಕಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಬಾಲಸುಬ್ರಹ್ಮಣ್ಯನಿಗೆ ಬಂದವರೆಲ್ಲ ಏನಾದರೊಂದು ಹೇಳಿದರು. ಹಣೆಬರಹ ಎಂದರು. ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತದೆ ಎಂದರು. ಡೇನಿಯಲ್ ಲಾಲ್ ಮಾತ್ರ ಡ್ಯೂಟಿ ಮುಗಿಸಿ ಬಂದು, ಪಕ್ಕದಲ್ಲಿ ಕೂತು, ಏನೂ ಹೇಳಲಿಲ್ಲ. ಆ ಋಣಕ್ಕೇ ಬಾಲಸುಬ್ರಹ್ಮಣ್ಯ ಅವನ ಬೆನ್ನು ಹತ್ತಿದ.

ಕೆಲವೇ ತಿಂಗಳಲ್ಲಿ, ವಾರದ ರಜೆಯಾದ ಶುಕ್ರವಾರ ಕೂಡುವ ಕ್ವೇಕರರ ಸಭೆ ಮಸ್ಕತ್ತಿನ ರೂವಿ ಬಡಾವಣೆಯ ಇದೇ ಹಾಲ್‌ಗೆ ಬಂತು. ಪಾದ್ರಿಯಿಲ್ಲ, ಪಟವಿಲ್ಲ, ಹಾಡಿಲ್ಲ. ದುಂಡಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುವುದು. ಒಳಗಿನಿಂದ ಮಾತು ಒತ್ತಿ ಬಂದರೆ ಹೇಳುವುದು. ಹೇಳಿದ್ದಕ್ಕೆ ಯಾರೂ ಉತ್ತರ ಕೊಡುವಂತಿಲ್ಲ, ಆಮೇಲೆ ಅದೇನೆಂದು ಕೆದಕುವಂತೆಯೂ ಇಲ್ಲ. ಬರುವವರೂ ಅಷ್ಟೇ, ವೀಸಾ ಇರುವ ತನಕ. ಡಚ್ ಇಂಜಿನಿಯರ್ ಹೋದ, ಐರಿಷ್ ಮೇಡಮ್ ಹೋದಳು. ಹೋದವರು ಇದ್ದರೆಂಬುದಕ್ಕೆ ಗುರುತೇ ಇಲ್ಲವಲ್ಲ ಎಂದು ಬಾಲಸುಬ್ರಹ್ಮಣ್ಯ ರೂವಿ ಪೇಟೆಯಿಂದ ಒಂದು ಟೇಪ್‌ರೆಕಾರ್ಡರ್ ತಂದು, ಪ್ರತಿ ಸಭೆಯಲ್ಲೂ ಟೀಪಾಯಿಯ ಮೇಲೆ ಇಟ್ಟು ಗುಂಡಿ ಒತ್ತುತ್ತಿದ್ದ.

"ಸುಮ್ನೆ ಕೂರೋದನ್ನ ರೆಕಾರ್ಡ್ ಮಾಡೋ ಜಾಣರನ್ನ ನಾನು ಎಲ್ಲೂ ನೋಡಿಲ್ಲ" ಎಂದು ಲಲಿತಮ್ಮ ಒಮ್ಮೆ ಚುಚ್ಚಿದ್ದಳು. ಅವನು ನಕ್ಕು ಕುರ್ಚಿ ಜೋಡಿಸಿದ. ಎಂದಿನಂತೆ ಒಂದು ಕುರ್ಚಿ ಹೆಚ್ಚಿಗೆ, ಅಡುಗೆಮನೆಯ ಬಾಗಿಲ ಹತ್ತಿರ. ತಡವಾಗಿ ಬರುವವರಿಗೆ ಇರಬೇಕು ಎಂದುಕೊಂಡಿದ್ದಳು.

ಅವಳಿಗೆ ಮೌನ ಆಗುತ್ತಿರಲಿಲ್ಲ. ಸದ್ದಡಗಿದರೆ ಸಾಕು, ಆ ಮಗು ಅತ್ತ ಒಂದೇ ಒಂದು ಅಳು ಕಿವಿಗೆ ಬರುತ್ತಿತ್ತು. ಅದಕ್ಕೇ ಶುಕ್ರವಾರ ಹಾಲ್‌ನಲ್ಲಿ ಎಲ್ಲರೂ ಕಣ್ಣು ಮುಚ್ಚಿದ ಹೊತ್ತಿಗೆ ಸರಿಯಾಗಿ ಕಾಯಿಚಟ್ನಿಗೆ ಮಿಕ್ಸಿ ಹಾಕುತ್ತಿದ್ದಳು. ನುಣ್ಣಗಾದ ಮೇಲೂ ಓಡಿಸುತ್ತಿದ್ದಳು. ಹೊಟ್ಟೆಕಿಚ್ಚೂ ಇತ್ತು. ಮನೆಯಲ್ಲಿ ಬಾಯಿ ಬಿಡದವನು ಅಲ್ಲಿ ಏನು ತೋಡಿಕೊಳ್ಳುತ್ತಾನೋ ಎಂಬ ಹೊಟ್ಟೆಕಿಚ್ಚು.

*

"ಬಾಯಿ ಮುಚ್ಚಿ ಕೂರೋಕೆ ಬಂದಿದ್ದೀರಿ, ಕೂತಾಯ್ತು. ಖಲಾಸ್" ಎಂದು ಗೋಪಾಲಕೃಷ್ಣ ಅತ್ತಿಗೆಯ ಪಕ್ಕದಿಂದ ನುಸುಳಿ ಹಾಲ್‌ಗೆ ಬಂದು, ಡೇನಿಯಲ್‌ನನ್ನೂ ಅವನ ಜೊತೆ ಕೂತಿದ್ದ ಸಭೆಯವರನ್ನೂ ಹಿಂದಿಯಲ್ಲೇ ಜಬರಿಸಿದ. ಡಬ್ಬಿ ಅವನ ಕಂಕುಳಲ್ಲಿತ್ತು. "ಇದು ನಮ್ಮ ಮನೆ ವಸ್ತು. ಯಾರಿಗೂ ಕೊಡಲ್ಲ."

ಡೇನಿಯಲ್ ಎದ್ದು ನಿಂತ. "ಅದರಲ್ಲಿ ಊರು ಬಿಟ್ಟು ಹೋದವರೆಲ್ಲ ಇದ್ದಾರೆ, ಭಾಯಿ. ಬೇರೆಲ್ಲೂ ಇಲ್ಲ."

"ಇದ್ದರೆ ಇರಲಿ. ನಮ್ಮಣ್ಣನ್ನ ನಿಮ್ಮ ಲೆಕ್ಕಕ್ಕೆ ಸೇರಿಸ್ಕೋಬೇಡಿ."

ಕೆಳಗಿನಿಂದ ವ್ಯಾನಿನ ಹಾರನ್ ಕೇಳಿಸಿತು. ಮೆಟ್ಟಿಲ ಬುಡದಲ್ಲಿ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಕೂಗಿದ. ಗೋಪಾಲಕೃಷ್ಣ ಬಾಗಿಲ ಕಡೆ ಹೆಜ್ಜೆ ಹಾಕಿದ. ಡೇನಿಯಲ್ ಅಡ್ಡ ಬರಲಿಲ್ಲ. ಅಡ್ಡ ಬರುವ ಜನವಲ್ಲ ಅವರು.

ಎದುರು ಫ್ಲ್ಯಾಟಿನ ದಮಯಂತಿ, ಮೂಲ್ಕಿಯ ಹೆಂಗಸು, ಹೂವಿನ ಕಟ್ಟು ಹಿಡಿದು ಎಲ್ಲವನ್ನೂ ನೋಡುತ್ತಿದ್ದಳು. ಕಟ್ಟನ್ನು ಅಡುಗೆಮನೆ ಬಾಗಿಲ ಕುರ್ಚಿಯ ಮೇಲಿಟ್ಟು ಲಲಿತಮ್ಮನ ಪಕ್ಕ ಬಂದಳು.

"ಬಿಸಾಡಿದ್ರೆ ಮತ್ತೆ ಸಿಗ್ತದಾ ಅಕ್ಕ?" ಎಂದಳು ಮೆಲ್ಲಗೆ. "ಅವ್ರ ಸ್ವರ ಉಂಟಲ್ಲ ಅದ್ರಲ್ಲಿ. ಎಂತ ಹೇಳಿದ್ರೂ ಹೇಳ್ಲಿ. ನಿಮ್ಗೆ ಇನ್ನು ಬೇರೆ ಎಲ್ಲಿ ಸಿಗ್ತದೆ?"

ಸ್ವರ ಎಂಬುದು ಲಲಿತಮ್ಮನಿಗೆ ಹೊಳೆದೇ ಇರಲಿಲ್ಲ. ಓಡಿ ಹೋಗಿ ಮೈದುನನ ಕಂಕುಳಿಂದ ಡಬ್ಬಿಯನ್ನು ಕಿತ್ತುಕೊಂಡಳು.

"ಅತ್ತಿಗೆ, ಅವನು ಮತ ಬಿಟ್ಟೆ ಅಂತ ಹೇಳಿದ್ರೆ?"

"ಹೇಳಿದ್ರೆ ನಾನು ಕೇಳಿಸ್ಕೋತೀನಿ. ನೀವು ಬೇಕಾದ್ರೆ ಕಿವಿ ಮುಚ್ಕೊಳ್ಳಿ." ಡಬ್ಬಿಯನ್ನು ಡೇನಿಯಲ್‌ನ ಕೈಗಿತ್ತಳು. "ಯಾವುದು, ಹಾಕಿ."

ಅವನು ಹುಡುಕಿ ಒಂದನ್ನು ತೆಗೆದು ಟೇಪ್‌ರೆಕಾರ್ಡರಿಗೆ ತುರುಕಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಏನೂ ಇಲ್ಲದ್ದು ಒಂದೊಂದಾಗಿ ಬಿಚ್ಚಿಕೊಂಡಿತು. ಏಸಿಯ ಗೊರಗೊರ. ಒಂದು ಕೆಮ್ಮು. "ಐರಿಷ್ ಮೇಡಮ್" ಎಂದು ಈಗ ಕೂತು ಕೇಳುತ್ತಿದ್ದವರಲ್ಲಿ ಯಾರೋ ಪಿಸುಗುಟ್ಟಿದರು. ಕುರ್ಚಿ ಕಿರ್ರೆಂದಿತು. ದೂರದ ಮಸೀದಿಯ ಬಾಂಗು. ಹತ್ತಿರದಲ್ಲೇ ಕುಕ್ಕರಿನ ಸೀಟಿ, ಹಿಂದೆಯೇ ಪಾತ್ರೆ ಕುಕ್ಕಿದ ಸದ್ದು. ಅದು ತನ್ನದೇ ಸಿಟ್ಟು ಎಂದು ಲಲಿತಮ್ಮನಿಗೆ ತಿಳಿಯಿತು. ಬಿಸಿಯಾದ ಮುಖವನ್ನು ಸೆರಗಿನಿಂದ ಒತ್ತಿಕೊಂಡಳು.

ಆಗ ಟೇಪಿನಲ್ಲಿ ಬಾಲಸುಬ್ರಹ್ಮಣ್ಯ ಗಂಟಲು ಸರಿಮಾಡಿಕೊಂಡ.

"ಲಲಿತಾ..." ಸಣ್ಣ ದನಿ. ಕರೆದೂ ಕರೆಯದ ಹಾಗೆ. "ಇಲ್ಲೊಂದು ಕುರ್ಚಿ ಇದೆ. ಬಾ, ಕೂತ್ಕೋ. ನನಗೆ ಒಬ್ಬನಿಗೇ ಆಗ್ತಾ ಇಲ್ಲ."

ಮರುಕ್ಷಣವೇ ಟೇಪಿನಲ್ಲಿ ಅವಳ ಮಿಕ್ಸಿ ಗುರ್ರೆಂದಿತು.

ಗೋಪಾಲಕೃಷ್ಣನ ಕೈ ಬಾಗಿಲ ಚಿಲಕದ ಮೇಲೆಯೇ ನಿಂತುಬಿಟ್ಟಿತು. ದಮಯಂತಿ ಗೋಡೆಯ ಕಡೆ ತಿರುಗಿದಳು. ಕನ್ನಡ ಬಾರದ ಉಳಿದವರು ಆ ಗದ್ದಲದ ನಡುವೆಯೂ ತಲೆ ಬಾಗಿಸಿ ಭಕ್ತಿಯಿಂದ ಕೇಳುತ್ತಿದ್ದರು.

"ಇಷ್ಟು ವರ್ಷ ಈ ಮಾತನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ, ದೀದೀ" ಎಂದ ಡೇನಿಯಲ್. "ಕೇಳುವ ಪದ್ಧತಿ ಇಲ್ಲ, ಹಾಗಾಗಿ ಅವರನ್ನು ಕೇಳಲಿಲ್ಲ. ನಮಗೆ ಏನು ಹೇಳಿದರು?"

"ನಿಮಗಲ್ಲ" ಎಂದಳು ಲಲಿತಮ್ಮ. ಹಿಂದಿ ಅಲ್ಲಿಗೇ ನಿಂತುಹೋಯಿತು.

ಕೆಳಗೆ ಹಾರನ್ ಉದ್ದಕ್ಕೆ ಮೊಳಗತೊಡಗಿತು. ಗೋಪಾಲಕೃಷ್ಣ ತುಂಬಿಬಂದ ಕಣ್ಣನ್ನು ಒರೆಸಿಕೊಳ್ಳದೆಯೇ ಬಂದು ಟೇಪನ್ನು ನಿಲ್ಲಿಸಲು ಕೈ ಚಾಚಿದ.

"ಇರ್ಲಿ ಬಿಡಿ" ಎಂದಳು ಅವಳು.

ಅಡುಗೆಮನೆ ಬಾಗಿಲ ಬಳಿಯ ಕುರ್ಚಿಯಿಂದ ಹೂವಿನ ಕಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಗಂಡನ ಪಾದಗಳು ಕಾಣುವ ಹಾಗೆ ಕೂತಳು. ಟೇಪಿನೊಳಗೆ ಮಿಕ್ಸಿ ಓಡುತ್ತಲೇ ಇತ್ತು. ಅದು ನಿಲ್ಲುವುದನ್ನು ಎಲ್ಲರ ಜೊತೆ ಅವಳೂ ಕಾದಳು.