ಕೋಟಿನ ಜೇಬಿನ ರಬ್ಬರ್ ಟೊಪ್ಪಿ

ಚಕ್ರಪಾಣಿಯವರು ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಿದವರಲ್ಲ. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದ ಮೇಲೂ, ಹಾಲಿನ ಪೊಟ್ಟಣವನ್ನು ಅಂಗೈಯಲ್ಲಿ ತೂಗದೆ ಒಳಗೊಯ್ದವರಲ್ಲ. ತೂಕದ ಕಲ್ಲುಗಳ ಚೀಲ ಹೊತ್ತು ಹೊತ್ತು ಎಡಭುಜ ವಾಲಿಹೋಗಿತ್ತು; ಮೈಮೇಲೆ ಆ ಕಾಲದ ಖಾಕಿ ಕೋಟು, ನಾಲಗೆಯ ಮೇಲೆ ಸದಾ ಒಂದೇ ಮಾತು: “ಅಳೆದು ಹೇಳಿ.”

ಅವರ ಹಳೆಯ ಮಾರುತಿಗೂ ಅದೇ ಕಟ್ಟಳೆ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಎಂಜಿನ್ನಿನ ಸಣ್ಣ ನಳಿಗೆಯ ರಬ್ಬರ್ ಟೊಪ್ಪಿ ಕಿತ್ತು, ಜೆ.ಸಿ. ರಸ್ತೆಯಲ್ಲಿ ಕೊಂಡ ಅಗ್ಗದ ವ್ಯಾಕ್ಯೂಮ್ ಗೇಜನ್ನು ಅಲ್ಲಿಗೆ ಸಿಕ್ಕಿಸಿ, ಎಂಜಿನ್ ಎಷ್ಟು ಬಿಗಿಯಾಗಿ ಉಸಿರೆಳೆಯುತ್ತದೆಂದು ನೋಡುವರು. ಮುಳ್ಳು ಹದಿನಾರರ ಮೇಲೆ ಅಲುಗದೆ ನಿಂತರೆ ಆ ವಾರ ಕ್ಷೇಮ.

ಅಂಥದೊಂದು ಕ್ಷೇಮದ ಭಾನುವಾರದ ಮರುದಿನವೇ ಕಾರು ಚಳಿಜ್ವರ ಬಂದಂತೆ ನಡುಗಿತು. ಶನಿವಾರವಷ್ಟೇ ಅದನ್ನು ಟ್ಯೂನ್ ಮಾಡಿದ್ದವನು ಜರಗನಹಳ್ಳಿಯ ಮೆಕ್ಯಾನಿಕ್ ಮೌನೇಶ. “ಏನೋ ಬಿಗಿ ಮಾಡದೆ ಬಿಟ್ಟಿದಾನೆ, ಅವನ ಕೈ ಸಡಿಲ,” ಎಂದರು ಚಕ್ರಪಾಣಿ. ಅಳೆಯದೆ ಮಾತಾಡದವರ ಬಾಯಿಂದ ಬಂದ ಮಾತು. ಜಯನಗರದ ಆ ಬೀದಿ ನಂಬಿತು. ಮೌನೇಶನ ಕೈಯಲ್ಲಿದ್ದ ಹನ್ನೊಂದು ಮನೆಯ ಕಾರುಗಳಲ್ಲಿ ನಾಲ್ಕು ಗುರುವಾರದೊಳಗೆ ಬೇರೆ ಶೆಡ್ಡು ಸೇರಿದವು.

ಶುಕ್ರವಾರ ಅವನೇ ಬಂದ. “ಎಲ್ರ ಎದುರಿಗೇ ಗೇಜ್ ಹಾಕಿ ಸಾರ್. ನನ್ ಕೆಲ್ಸ ಕೆಟ್ಟಿದ್ರೆ ಈ ಬೀದಿಗೆ ಕಾಲಿಡಲ್ಲ.”

ನಡುಗುತ್ತಿದ್ದ ಎಂಜಿನ್ನಿಗೆ ಚಕ್ರಪಾಣಿ ರೂಢಿಯ ಕೈಯಲ್ಲೇ, ನಳಿಗೆಯತ್ತ ಸರಿಯಾಗಿ ನೋಡದೆ, ಗೇಜು ಸಿಕ್ಕಿಸಿದರು. ನಡುಕ ನಿಂತಿತು, ಮುಳ್ಳು ಹದಿನಾರು. ಕಿತ್ತರು, ಮತ್ತೆ ನಡುಕ. ಮತ್ತೆ ಹಾಕಿದರು, ಮತ್ತೆ ಹದಿನಾರು.

“ಡಾಕ್ಟ್ರ ಮುಖ ಕಂಡ್ರೆ ಜ್ವರ ಬಿಟ್ಟಂಗಾಯ್ತಲ್ಲ ಅಂಕಲ್,” ಎಂದಳು ಪಕ್ಕದ ಮನೆಯ ಕಾತ್ಯಾಯಿನಿ.

ಅವರು ನಗಲಿಲ್ಲ. ಗೇಜು ಕಿತ್ತು ನಳಿಗೆಯ ಬರಿಬಾಯಿಗೆ ಹೆಬ್ಬೆರಳೊತ್ತಿದರು. ಎಂಜಿನ್ ಮಗುವಿನಂತೆ ಸುಮ್ಮನಾಯಿತು. ಇನ್ನೊಂದು ಕೈ ತಾನಾಗಿಯೇ ಕೋಟಿನ ಜೇಬಿಗಿಳಿಯಿತು. ಬೆರಳಿಗೆ ತಾಗಿದ್ದು ಅವರೇಕಾಳಿನಷ್ಟು ರಬ್ಬರ್. ಭಾನುವಾರ ತಾವೇ ಕಿತ್ತು ಜೇಬಿಗೆ ಹಾಕಿಕೊಂಡ ಟೊಪ್ಪಿ. ಐದು ದಿನದಿಂದ ಆ ತೆರೆದ ಬಾಯಲ್ಲೇ ಗಾಳಿ ನುಗ್ಗಿ ಎಂಜಿನ್ನನ್ನು ನಡುಗಿಸುತ್ತಿತ್ತು. ಅಳೆಯುವಾಗ ಮಾತ್ರ ಗೇಜೇ ಅದನ್ನು ಮುಚ್ಚುತ್ತಿತ್ತು.

ಯಾರೂ ನೋಡಿರಲಿಲ್ಲ. ಆಚೆ ಬದಿಯಲ್ಲಿ ಬಾಗಿದ್ದ ಮೌನೇಶ ಒದ್ದೆಗಣ್ಣು ಎತ್ತದೆಯೇ ಹೇಳಿದ: “ಎಲ್ಲೋ ನಂದೇ ತಪ್ಪಿರ್ಬೇಕು ಸಾರ್. ಬಿಚ್ಚಿ ನೋಡ್ತೀನಿ.”

ಬೆರಳು ಸರಿಸಿ ಗುಟ್ಟಾಗಿ ಟೊಪ್ಪಿ ತೊಡಿಸಿದ್ದರೆ ಮುಗಿಯುತ್ತಿತ್ತು. ಚಕ್ರಪಾಣಿಯವರ ಹೆಬ್ಬೆರಳು ನಳಿಗೆಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

“ಸ್ಪ್ಯಾನರ್ ಕೆಳಗಿಡು ಮೌನೇಶ,” ಎಂದರು, ಅಂಗೈ ಬಿಚ್ಚಿ. “ಇದು ನನ್ನ ಜೇಬಲ್ಲಿತ್ತು ಕಣಯ್ಯಾ. ನಿನ್ನ ಕೈ ಸಡಿಲ ಅಲ್ಲ.”

ಅಂದೇ ಹನ್ನೊಂದು ಮನೆಯ ಬಾಗಿಲಿಗೂ ಹೋದರು, ವಾಲಿದ ಭುಜದವರು, ಆ ಟೊಪ್ಪಿಯನ್ನು ಅಂಗೈಯಲ್ಲಿಟ್ಟು ತೋರಿಸುತ್ತ.

ಅಳತೆಗೋಲು ಹಿಡಿದು ಓಡಾಡುವ ಜನರನ್ನು ಕಂಡರೆ ನಾವು ಪಕ್ಕಕ್ಕೆ ಸರಿಯುತ್ತೇವೆ. ಅವರೂ ತಪ್ಪುತ್ತಾರೆ, ತಪ್ಪಿ ಬೇರೆಯವರ ಅನ್ನಕ್ಕೆ ಕಲ್ಲು ಹಾಕುತ್ತಾರೆ. ಆದರೆ ಇಂಥವರ ಮನೆಯಲ್ಲಿ ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಎಂದು ಎರಡು ಬಗೆಯ ತೂಕದ ಕಲ್ಲು ಇರುವುದಿಲ್ಲ. ಇರುವ ಒಂದರಲ್ಲೇ, ಸರದಿ ಬಂದ ದಿನ, ತಮ್ಮನ್ನೂ ತೂಗಿಕೊಳ್ಳುತ್ತಾರೆ.